ಅಮ್ಮನ ಗೊಂಬೆಗಳು: ತೊಳೆಯುವ ಮೊದಲು ಕೇಳಿ ಬರೆದುಕೊಳ್ಳಿ

ಪ್ರಶ್ನೆ: ನಮ್ಮ ತಾಯಿ ಕಳೆದ ವರ್ಷ ತೀರಿಕೊಂಡರು. ಮೈಸೂರಿನ ಮನೆಯನ್ನು ಖಾಲಿ ಮಾಡುವಾಗ, ಅವರು ನವರಾತ್ರಿಗೆ ಕೂರಿಸುತ್ತಿದ್ದ ಗೊಂಬೆಗಳ ಮೂರು ಟ್ರಂಕುಗಳನ್ನು ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ತಂದಿದ್ದೇನೆ. ಸುಮಾರು 140 ಗೊಂಬೆಗಳಿವೆ. ಕೆಲವು ಮುರಿದಿವೆ, ಹಲವುಗಳ ಬಣ್ಣ ಉದುರುತ್ತಿದೆ. ಎಲ್ಲವನ್ನೂ ತೊಳೆದು, ಹೊಸ ಬಣ್ಣ ಹಚ್ಚಿಸಿ ಈ ವರ್ಷ ಕೂರಿಸಬೇಕೆಂದಿದ್ದೇನೆ. ಅಮೆರಿಕದಲ್ಲಿರುವ ತಂಗಿ ರಾಜ ರಾಣಿಯರ ಜೋಡಿಯಾದ ಪಟ್ಟದ ಗೊಂಬೆಗಳಲ್ಲಿ ಒಂದನ್ನು ತನಗೆ ಕೊಡು ಎನ್ನುತ್ತಿದ್ದಾಳೆ. ಯಾವುದನ್ನು ಇಟ್ಟುಕೊಳ್ಳಬೇಕು, ಹೇಗೆ ಕಾಪಾಡಬೇಕು? ಇವುಗಳ ವಿಷಯ ಗೊತ್ತಿರುವವರು ಈಗ 82 ವರ್ಷದ ನಮ್ಮ ಚಿಕ್ಕಮ್ಮ ಒಬ್ಬರೇ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದೆಲ್ಲ ಪ್ರಶ್ನೆಗಳಿಗೂ ಉತ್ತರ ಅಲ್ಲಿಂದಲೇ ಹೊರಡಬೇಕು. ದಯವಿಟ್ಟು ಸದ್ಯಕ್ಕೆ ಯಾವ ಗೊಂಬೆಯನ್ನೂ ತೊಳೆಯಬೇಡಿ, ಬಣ್ಣದವರನ್ನು ಕರೆಸಬೇಡಿ, ಮುರಿದವನ್ನು ಬೇರೆ ಮಾಡಿ ಚೀಲಕ್ಕೆ ತುಂಬಬೇಡಿ. ಚಿಕ್ಕಮ್ಮನವರನ್ನು ಮನೆಗೆ ಕರೆತಂದು, ಅವರು ಆರಾಮವಾಗಿ ಕೂತ ಮೇಲೆ, ಅವರ ಎದುರಿನಲ್ಲೇ ಟ್ರಂಕು ತೆರೆಯಿರಿ. ಗೊಂಬೆಯ ಬಣ್ಣ ಇನ್ನೂ ಹತ್ತು ವರ್ಷ ಕಾಯಬಹುದು. ಅದು ಯಾರ ಕೈಯಿಂದ, ಯಾವ ಸಂದರ್ಭದಲ್ಲಿ ಮನೆಗೆ ಬಂತು ಎಂಬ ಸಂಗತಿ ಅಷ್ಟು ದಿನ ಕಾಯುವುದಿಲ್ಲ. ಅದು ತಿಳಿಯದೆ ಹೋದರೆ ನಿಮ್ಮ ತಾಯಿಯ ಗೊಂಬೆಗೂ ಅಂಗಡಿಯಲ್ಲಿ ಸಾಲಾಗಿ ನಿಂತ ಗೊಂಬೆಗೂ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಾದ ಒಂದು ಗೊಂಬೆಯಿದೆ. ಕೆಲವು ವರ್ಷಗಳ ಹಿಂದೆ ಮೈಸೂರಿನ ಹಳೆಯ ಮನೆಯೊಂದರಲ್ಲಿ ಗೊಂಬೆಗಳ ಪಟ್ಟಿ ಮಾಡುತ್ತಿದ್ದಾಗ, ಗೇಣುದ್ದದ ಮಣ್ಣಿನ ಪೊಲೀಸಿನವನೊಬ್ಬ ನನ್ನ ಕೈಗೆ ಬಂದ. ಅವನ ಕುತ್ತಿಗೆಯ ಸುತ್ತ ಕಡುಗೆಂಪು ಬಣ್ಣದ, ಉಬ್ಬುತಗ್ಗಿನ ಒಂದು ಪಟ್ಟಿ ಅಸಹ್ಯವಾಗಿ ಎದ್ದು ಕಾಣುತ್ತಿತ್ತು. ಹೊಸದಾಗಿ ಸರಿಮಾಡಿಸುವವರಿಗೆ ಕೊಡುವ ರಾಶಿಯಲ್ಲಿ ಮನೆಯವರು ಅವನನ್ನು ಇಟ್ಟಿದ್ದರು. ಮನೆಯ ಹಿರಿಯ ಹೆಂಗಸು ಅದನ್ನು ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಆ ಪಟ್ಟಿಯನ್ನು ಸವರಿ, "ಇದು ನಮ್ಮಪ್ಪನ ಅರಗು" ಎಂದರು. ಅವರ ತಂದೆ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಹಬ್ಬದ ಮೂರನೆಯ ದಿನ ಗೊಂಬೆಯ ಕತ್ತು ಮುರಿದು ಮಗಳು ಅಳುತ್ತಾ ಕೂತಾಗ, ಮನೆಯಲ್ಲಿದ್ದ ಮೊಹರಿನ ಅರಗಿನ ತುಂಡನ್ನು ದೀಪಕ್ಕೆ ಹಿಡಿದು, ಅದರಿಂದಲೇ ತಲೆಯನ್ನು ಬೆಸೆದು ಮತ್ತೆ ನಿಲ್ಲಿಸಿದ್ದರಂತೆ. ಅರಗನ್ನು ಕೆರೆದು, ಕುತ್ತಿಗೆಯನ್ನು ನಯಮಾಡಿ, ಖಾಕಿ ಬಣ್ಣ ಬಳಿದಿದ್ದರೆ ಗೊಂಬೆ ಅಂದವಾಗುತ್ತಿತ್ತು, ಆದರೆ ಆ ಅಪ್ಪ ಅಲ್ಲಿಂದ ಹೊರಟುಹೋಗುತ್ತಿದ್ದರು. ಅಂದಿನಿಂದ, ದುರಸ್ತಿಗೆಂದು ತೆಗೆದಿಟ್ಟ ರಾಶಿಯನ್ನೇ ನಾನು ಮೊದಲು ಹಿರಿಯರ ಮುಂದೆ ಇಡುತ್ತೇನೆ.

ಚಿಕ್ಕಮ್ಮನವರನ್ನು ಕೇಳುವ ರೀತಿಯ ಬಗ್ಗೆ ಒಂದೆರಡು ಮಾತು. "ಇದು ಯಾವ ವರ್ಷದ್ದು?" ಎಂದು ಕೇಳಿದರೆ ಹಿರಿಯರು ಗೊಂದಲಪಡುತ್ತಾರೆ, ಇಲ್ಲವೇ ನಮ್ಮನ್ನು ಸಮಾಧಾನಪಡಿಸಲು ಯಾವುದೋ ಒಂದು ವರ್ಷ ಹೇಳಿಬಿಡುತ್ತಾರೆ. ಅದರ ಬದಲು, ಇದು ಬಂದಾಗ ನೀವು ಯಾವ ಮನೆಯಲ್ಲಿದ್ದಿರಿ, ಅಕ್ಕನಿಗೆ ಮದುವೆಯಾಗಿತ್ತೇ, ಯಾರ ಬಾಣಂತನ ನಡೆಯುತ್ತಿತ್ತು, ಇದನ್ನು ಎಷ್ಟನೆಯ ಮೆಟ್ಟಿಲ ಮೇಲೆ ಇಡುತ್ತಿದ್ದರು, ಇದನ್ನು ಮುಟ್ಟಿದ್ದಕ್ಕೆ ಯಾರು ಬೈಸಿಕೊಂಡರು ಎಂದು ಕೇಳಿ. ಗೊಂಬೆಯನ್ನು ಅವರ ಕೈಗೇ ಕೊಡಿ. ಕಣ್ಣಿಗೆ ಮರೆತದ್ದು ಎಷ್ಟೋ ಸಲ ಬೆರಳಿಗೆ ನೆನಪಿರುತ್ತದೆ. ಒಂದು ಸಲಕ್ಕೆ ಹದಿನೈದು ಇಪ್ಪತ್ತು ಗೊಂಬೆ ಸಾಕು, ಮುಕ್ಕಾಲು ಗಂಟೆಗಿಂತ ಹೆಚ್ಚು ಅವರನ್ನು ದಣಿಸಬೇಡಿ. ಫೋನಿನಲ್ಲಿ ಧ್ವನಿಮುದ್ರಣ ನಡೆಯುತ್ತಿರಲಿ, ಆದರೆ ಫೋನು ಅವರ ಮುಖದ ಮುಂದೆ ಇರುವುದು ಬೇಡ. ಹೇಳಿದ್ದು ತಪ್ಪೆಂದು ನಿಮಗೆ ತೋರಿದರೂ ನಡುವೆ ತಿದ್ದಬೇಡಿ. ತಾಯಿಯ ಓರಗೆಯ ನೆರೆಮನೆಯವರೋ ಗೆಳತಿಯೋ ಇದ್ದರೆ ಅವರನ್ನೂ ಜೊತೆಗೆ ಕೂರಿಸಿ. ಇಬ್ಬರು ಹಿರಿಯರು ಒಬ್ಬರನ್ನೊಬ್ಬರು ತಿದ್ದುತ್ತಾ ಹೋಗುವಾಗ ಹೊರಬೀಳುವ ಸಂಗತಿ ನಮ್ಮ ನೂರು ಪ್ರಶ್ನೆಗಳಿಗೂ ಹೊರಬೀಳುವುದಿಲ್ಲ.

ಪ್ರತಿಯೊಂದು ಗೊಂಬೆಗೂ ಒಂದು ಸಂಖ್ಯೆ ಕೊಡಿ. ಸಂಖ್ಯೆಯನ್ನು ಗೊಂಬೆಯ ಮೈಮೇಲೆ ಪೆನ್ನಿನಿಂದ ಬರೆಯುವುದಾಗಲಿ, ಅಂಟುಚೀಟಿ ಹಚ್ಚುವುದಾಗಲಿ ಬೇಡ. ಬಿಳಿ ಹತ್ತಿಯ ಲಾಡಿಯ ತುಂಡಿನ ಮೇಲೆ ಪೆನ್ಸಿಲಿನಿಂದ ಬರೆದು ಸಡಿಲವಾಗಿ ಕಟ್ಟಿದರೆ ಸಾಕು. ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆಯ ಎದುರು ಎತ್ತರ, ಯಾವುದರಿಂದ ಮಾಡಿದ್ದು, ಎಲ್ಲಿ ಪೆಟ್ಟಾಗಿದೆ, ಯಾರು ತಂದದ್ದು ಎಂಬುದನ್ನೂ, ಚಿಕ್ಕಮ್ಮ ಹೇಳಿದ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯಿರಿ. ಮುಂದಿನಿಂದ, ಹಿಂದಿನಿಂದ ಮತ್ತು ತಳದ ಕಡೆಯಿಂದ ಒಂದೊಂದು ಫೋಟೋ ತೆಗೆಯಿರಿ. ತಳವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಬೆಲೆ, ಊರು, ತಯಾರಕರ ಗುರುತು ಇರುವುದೆಲ್ಲ ಅಲ್ಲೇ.

ಟ್ರಂಕು ತೆರೆಯುವಾಗ ಗೊಂಬೆಗಳಿಗೆ ಸುತ್ತಿರುವ ಹಳೆಯ ಪತ್ರಿಕೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ. ಅವುಗಳ ಮೇಲೆ ದಿನಾಂಕವಿರುತ್ತದೆ. ಆ ಗೊಂಬೆಯನ್ನು ಕೊನೆಯ ಸಲ ಯಾವ ವರ್ಷ ಸುತ್ತಿಟ್ಟರು, ಎಷ್ಟು ವರ್ಷ ಅದನ್ನು ಹೊರಗೆ ತೆಗೆದಿರಲಿಲ್ಲ ಎಂಬುದನ್ನು ಆ ಹಾಳೆ ಹೇಳುತ್ತದೆ. ಪೆಟ್ಟಿಗೆಯ ಮೇಲಿನ ಅಚ್ಚನ್ನೂ ಓದಿ. ಬೆಲೆ ಆಣೆಗಳಲ್ಲಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬರುವುದಕ್ಕಿಂತ ಹಿಂದಿನದು. ಅಂಗಡಿಯ ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ರಾಜ್ಯದ ಹೆಸರು ಮೈಸೂರು ಎಂದೇ ಇದ್ದರೆ, ಕರ್ನಾಟಕವೆಂದು ನಾಮಕರಣವಾದ 1973ರ ನವೆಂಬರ್‌ಗೆ ಮುಂಚಿನದಿರಬೇಕು. ಜಂಬೂ ಸವಾರಿಯ ಗೊಂಬೆಗಳಿದ್ದರೆ ಅಂಬಾರಿಯೊಳಗೆ ಯಾರಿದ್ದಾರೆ ನೋಡಿ. ಹಿಂದಿನ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾದ 1971ರ ಆಸುಪಾಸಿನವರೆಗೆ ಅಂಬಾರಿಯಲ್ಲಿ ಕೂರುತ್ತಿದ್ದವರು ಮಹಾರಾಜರು, ಆಮೇಲಿನ ಮೆರವಣಿಗೆಗಳಲ್ಲಿ ತಾಯಿ ಚಾಮುಂಡೇಶ್ವರಿ. ಆದರೆ ಗೊಂಬೆ ಮಾಡುವವರು ಹಳೆಯ ಅಚ್ಚನ್ನು ಎಷ್ಟೋ ವರ್ಷ ಬಳಸುವುದುಂಟು. ಆದ್ದರಿಂದ ಇದೊಂದನ್ನೇ ನಂಬಿ ಕಾಲ ನಿರ್ಧರಿಸಬಾರದು, ಚಿಕ್ಕಮ್ಮನವರ ಮಾತಿಗೆ ಪಕ್ಕದ ಸಾಕ್ಷಿಯಾಗಿ ಇದನ್ನು ಇಟ್ಟುಕೊಳ್ಳಬೇಕು.

ಇನ್ನು ತೊಳೆಯುವ ವಿಚಾರ. ಹಳೆಯ ಸಂಗ್ರಹಗಳನ್ನು ಹೆಚ್ಚಾಗಿ ಹಾಳುಮಾಡಿರುವುದು ಹಬ್ಬದ ಹಿಂದಿನ ದಿನದ ಒದ್ದೆ ಬಟ್ಟೆ. ಹಳೆಯ ಮಣ್ಣಿನ ಗೊಂಬೆಗಳಲ್ಲಿ ಬಹಳಷ್ಟು ಸುಡದೆ ಬಿಸಿಲಲ್ಲಿ ಒಣಗಿಸಿದವು, ಅಥವಾ ಸುಟ್ಟ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದವು. ಒದ್ದೆ ಬಟ್ಟೆ ಮುಟ್ಟಿಸಿದರೆ ಕಣ್ಣು, ಹುಬ್ಬು, ತುಟಿ ಬಟ್ಟೆಗೇ ಬಂದುಬಿಡುತ್ತವೆ. ಆದ್ದರಿಂದ ಮೊದಲು ಗೊಂಬೆ ಯಾವುದರಿಂದ ಮಾಡಿದ್ದೆಂದು ತಿಳಿಯಬೇಕು. ಮುರಿದ ಕಡೆ ಕೆಂಪಗೋ ಬೂದಾಗಿಯೋ ಮಣ್ಣು ಕಂಡರೆ ಅದು ಮಣ್ಣಿನದು. ಗಾತ್ರಕ್ಕೆ ಹೋಲಿಸಿದರೆ ಹಗುರವಾಗಿದ್ದು, ಬೆರಳಿನಿಂದ ಬಡಿದಾಗ ಡಬಡಬ ಎಂದರೆ ಕಾಗದದ ಮುದ್ದೆಯದು. ಕೈಗೆ ತಣ್ಣಗೆ, ಭಾರವಾಗಿದ್ದು, ಚಕ್ಕೆ ಎದ್ದ ಜಾಗ ಸುಣ್ಣದಂತೆ ಬೆಳ್ಳಗಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಈ ಮೂರಕ್ಕೂ ನೀರು ಬೇಡ. ಚಿತ್ರ ಬರೆಯುವ ಮೆತ್ತನೆಯ ಒಣ ಕುಂಚದಿಂದ, ಮೇಲಿನಿಂದ ಕೆಳಕ್ಕೆ, ಧೂಳನ್ನು ನಿಧಾನವಾಗಿ ಕೊಡವಿದರೆ ಸಾಕು. ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿರುವಲ್ಲಿ ಕುಂಚವನ್ನೂ ಮುಟ್ಟಿಸಬೇಡಿ.

ಮರದ ಗೊಂಬೆಗಳಲ್ಲಿ ನಿಮ್ಮಂತಹ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಊರಿನವು ಸಿಗುತ್ತವೆ. ಚನ್ನಪಟ್ಟಣದವು ಆಲೆ ಮರದವು. ಚರಕಿಗೆ ಕೊಟ್ಟು ಕಡೆದವಾದ್ದರಿಂದ ಎಲ್ಲ ಕಡೆಯಿಂದಲೂ ದುಂಡಗಿರುತ್ತವೆ. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಆ ಉಜ್ಜಾಟದ ಬಿಸಿಗೆ ಕರಗಿದ ಅರಗನ್ನು ತಾಳೆಗರಿಯಿಂದ ತೀಡಿ ಹೊಳಪು ಬರಿಸುತ್ತಾರೆ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಮದ್ಯಸಾರಕ್ಕೆ ಕರಗುತ್ತದೆ. ಹಾಗಾಗಿ ಅದನ್ನು ಬಿಸಿಲಲ್ಲಿ ಇಡುವುದಾಗಲಿ, ಸ್ಯಾನಿಟೈಸರ್ ಹಾಕಿ ಒರೆಸುವುದಾಗಲಿ ಕೂಡದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ಚಿತ್ರಗಾರ ಮನೆತನದವರು ಹಗುರವಾದ ಮರದಲ್ಲಿ ಕೆತ್ತಿ, ಅಂಗಾಂಗಗಳ ಜೋಡಣೆಯನ್ನೂ ಆಭರಣಗಳ ಉಬ್ಬನ್ನೂ ಹುಣಸೆಬೀಜದ ಅಂಟು ಬೆರೆಸಿದ ಕಣಕದಿಂದ ಮಾಡುತ್ತಾರೆ. ಆಂಧ್ರದ ಕೊಂಡಪಲ್ಲಿಯವರ ವಿಧಾನವೂ ಇದಕ್ಕೆ ಹತ್ತಿರದ್ದು. ಈ ಎರಡೂ ಊರಿನ ಗೊಂಬೆಗಳಲ್ಲಿ ಅಂಟು ಬೀಜದ್ದು, ಮರ ಮೃದು, ಆದ್ದರಿಂದ ತೇವವೂ ಹುಳುವೂ ಅವಕ್ಕೆ ಶತ್ರು. ಸಣ್ಣ ತೂತುಗಳ ಕೆಳಗೆ ಹಿಟ್ಟಿನಂತಹ ಪುಡಿ ಕಂಡರೆ ಆ ಗೊಂಬೆಯನ್ನು ಕೂಡಲೇ ಉಳಿದವುಗಳಿಂದ ಬೇರ್ಪಡಿಸಿ, ಕಪ್ಪು ಕಾಗದದ ಮೇಲೆ ನಿಲ್ಲಿಸಿ, ಬಿಗಿಯಾದ ಚೀಲದಲ್ಲಿಟ್ಟು ಎರಡು ಮೂರು ವಾರ ಗಮನಿಸಿ. ಕಾಗದದ ಮೇಲೆ ಹೊಸ ಪುಡಿ ಬಿದ್ದರೆ ಹುಳು ಇನ್ನೂ ಬದುಕಿದೆ ಎಂದರ್ಥ. ಆಗ ಮರದ ಕಲಾಕೃತಿಗಳ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಒಂದು ವಿಚಾರದಲ್ಲಿ ಮಾತ್ರ ನೀವು ತಡಮಾಡಬಾರದು. ಅಮ್ಮನ ಸಂಗ್ರಹದಲ್ಲಿ ಹಳೆಯ ಜಪಾನಿನ ಗೊಂಬೆಗಳಿರಬಹುದು. ತೆಳುವಾದ, ಟೊಳ್ಳಾದ, ಕೆನ್ನೆ ಕೆಂಪಾದ ಮಗುವಿನ ಗೊಂಬೆಗಳು ನಮ್ಮ ಎಷ್ಟೋ ಮನೆಗಳ ಮೆಟ್ಟಿಲುಗಳ ಮೇಲೆ ಕೂತಿದ್ದವು. ತಳದಲ್ಲಿ "ಮೇಡ್ ಇನ್ ಆಕ್ಯುಪೈಡ್ ಜಪಾನ್" ಎಂಬ ಅಚ್ಚಿದ್ದರೆ, ಎರಡನೆಯ ಮಹಾಯುದ್ಧದ ನಂತರ ಆ ದೇಶ ಪರರ ಹಿಡಿತದಲ್ಲಿದ್ದ 1945ರಿಂದ 1952ರೊಳಗಿನದು ಎಂದು ನಿಶ್ಚಯವಾಗಿ ಹೇಳಬಹುದು. ಇವುಗಳಲ್ಲಿ ಅನೇಕವು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್‌ನವು. ಸೆಲ್ಯುಲಾಯ್ಡ್ ತಯಾರಾಗುವುದು ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರದಿಂದ. ಮುಚ್ಚಿಟ್ಟ ಪೆಟ್ಟಿಗೆ ತೆರೆದ ಕೂಡಲೇ ಕರ್ಪೂರದ ನಸುವಾಸನೆ ಬರುವುದು ಅದಕ್ಕೇ. ಇದು ಬಹು ಬೇಗ ಹೊತ್ತಿಕೊಳ್ಳುವ ವಸ್ತು. ನಂದಾದೀಪದ ಬಳಿ, ಆರತಿ ತಟ್ಟೆ ಸುಳಿಯುವ ಜಾಗದಲ್ಲಿ, ಬಿಸಿಯಾಗುವ ಬಲ್ಬುಗಳ ಪಕ್ಕದಲ್ಲಿ ಇದನ್ನು ಎಂದಿಗೂ ಇಡಬಾರದು. ಬೆಂಕಿ ತಾಗಿಸಿ ಪರೀಕ್ಷೆ ಮಾಡುವ ಯೋಚನೆಯನ್ನಂತೂ ಮಾಡಲೇಬೇಡಿ. ಹಳೆಯದಾಗುತ್ತಾ ಬಂದಂತೆ ಇದು ಹಳದಿಯಾಗಿ, ಜಿಗುಟಾಗಿ, ಸೀಳು ಬಿಡುತ್ತದೆ. ಆಗ ಹೊರಬರುವ ಆಮ್ಲದ ಆವಿ ಅಕ್ಕಪಕ್ಕದ ಬಟ್ಟೆ, ಜರಿ, ಲೋಹಗಳನ್ನೂ ಕೆಡಿಸುತ್ತದೆ. ಆದ್ದರಿಂದ ಈ ಗೊಂಬೆಗಳನ್ನು ಟ್ರಂಕಿನಿಂದ ಇಂದೇ ಹೊರಗೆ ತೆಗೆದು, ಕಾಗದದಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ತಂಪಾದ ಬೇರೆ ಜಾಗದಲ್ಲಿ ಇಡಿ.

ಮುರಿದ ಗೊಂಬೆಗಳ ತುಂಡುಗಳನ್ನು ಪುಟ್ಟ ಬಟ್ಟೆಚೀಲದಲ್ಲಿ ಹಾಕಿ, ಅದೇ ಸಂಖ್ಯೆ ಬರೆದು, ಗೊಂಬೆಯ ಜೊತೆಗೇ ಇಟ್ಟುಬಿಡಿ. ಕ್ಷಣದಲ್ಲಿ ಹಿಡಿದುಕೊಳ್ಳುವ ಅಂಟುಗಳನ್ನು ಹಾಕಬೇಡಿ, ಏಕೆಂದರೆ ತಪ್ಪಾಗಿ ಕೂತದ್ದನ್ನು ಮತ್ತೆ ಬಿಡಿಸಲು ಹೋದರೆ ಮಣ್ಣೇ ಕಿತ್ತು ಬರುತ್ತದೆ. ಬಣ್ಣ ಹೋದ ಸೀರೆಯ ಅಂಚಿಗೋ ಪಾದದ ಪೀಠಕ್ಕೋ ಬಣ್ಣ ಹಚ್ಚಿಸುವುದನ್ನು ನಾನು ಅಷ್ಟಾಗಿ ವಿರೋಧಿಸುವುದಿಲ್ಲ. ಮುಖವನ್ನು ಮಾತ್ರ ಮುಟ್ಟಿಸಬೇಡಿ. ಕಣ್ಣು ಬರೆಯುವುದೆಂದರೆ ಗೊಂಬೆ ಮಾಡುವವನ ಕೈಬರಹ. ಅದರ ಮೇಲೆ ಇನ್ನೊಬ್ಬರು ಬರೆದರೆ ನಿಮ್ಮ ತಾಯಿ ನೋಡುತ್ತಿದ್ದ ಮುಖ ಅದಾಗಿರುವುದಿಲ್ಲ.

ಸುತ್ತಿಡಲು ಪತ್ರಿಕೆಯ ಬದಲು, ಹಲವು ಸಲ ಒಗೆದು ಮೆತ್ತಗಾದ ಬಿಳಿಯ ಹತ್ತಿ ಪಂಚೆಯ ತುಂಡುಗಳನ್ನು ಬಳಸಿ. ಪತ್ರಿಕೆಯ ಕಾಗದದಲ್ಲಿ ಆಮ್ಲವಿರುತ್ತದೆ, ಮಸಿಯೂ ಹತ್ತುತ್ತದೆ. ನುಸಿಗುಳಿಗೆ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ, ಮನೆಯವರ ಆರೋಗ್ಯಕ್ಕೂ ಒಳ್ಳೆಯದಲ್ಲ. ಹಿಂದಿನವರು ಓಲೆಗರಿಗಳ ಕಟ್ಟಿನ ಜೊತೆ ಇಡುತ್ತಿದ್ದ ಒಣಗಿದ ಬಜೆ ಬೇರನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಗೊಂಬೆಗೆ ತಾಗದಂತೆ ಮೂಲೆಯಲ್ಲಿ ಇಡಬಹುದು. ಟ್ರಂಕನ್ನು ಸ್ನಾನದ ಮನೆಯ ಗೋಡೆಗೆ ಒರಗಿಸದೆ, ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿಡಿ. ಮಳೆಗಾಲ ಕಳೆದ ಮೇಲೆ ಒಮ್ಮೆ ತೆರೆದು ನೋಡುವುದನ್ನು ತಪ್ಪಿಸಬೇಡಿ.

ಯಾವುದನ್ನು ಇಟ್ಟುಕೊಳ್ಳಬೇಕೆಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಬಹುಶಃ ನಿಮ್ಮ ನಿರೀಕ್ಷೆಯಂತೆ ಇರಲಾರದು. ಜನ ಸಾಮಾನ್ಯವಾಗಿ ಹಳೆಯದನ್ನೂ ಬೆಲೆಬಾಳುವುದನ್ನೂ ಉಳಿಸಿಕೊಂಡು, ಮನೆಯಲ್ಲೇ ಮಾಡಿದ ಸಾಮಾನುಗಳನ್ನು ಮೊದಲು ಹೊರಗೆ ಹಾಕುತ್ತಾರೆ. ಕೊಳವೆ ಮಣಿಯಿಂದ ಹೆಣೆದ ಹಂಸ, ಮಖಮಲ್ಲಿನ ಮೇಲೆ ಕೂರಿಸಿದ ಮಣಿಯ ಗಿಳಿ, ಬೆಂಕಿಕಡ್ಡಿಯ ಮನೆ, ಕೆತ್ತಿ ಬಣ್ಣ ಹಾಕಿದ ಕೊಬ್ಬರಿ ಗಿಟುಕು, ಗೊಂಬೆಗಳ ಮುಂದೆ ಪುಟ್ಟ ಪಾರ್ಕು ಮಾಡುವಾಗ ಕೊಳವಾಗುತ್ತಿದ್ದ ಅಂಚು ಒಡೆದ ಕನ್ನಡಿ, ಇವೆಲ್ಲ ಅಂತಹವು. ನಾನು ಇವನ್ನೇ ಮೊದಲು ಉಳಿಸಿಕೊಳ್ಳಿ ಎನ್ನುತ್ತೇನೆ. ಅಂಗಡಿಯಿಂದ ತಂದ ಗೊಂಬೆಯ ಜೋಡಿ ಇನ್ನೊಂದು ಮನೆಯಲ್ಲಿ ಇದ್ದೇ ಇರುತ್ತದೆ, ನಿಮ್ಮ ತಾಯಿಯ ಬೆರಳು ಪೋಣಿಸಿದ ಹಂಸಕ್ಕೆ ಜೋಡಿ ಎಲ್ಲೂ ಇಲ್ಲ. ಚಿಕ್ಕಮ್ಮನಿಂದಲೂ ಒಂದು ಮಾತು ಹೊರಡದ, ನಿಮ್ಮ ಮನಸ್ಸನ್ನೂ ಹಿಡಿಯದ ಗೊಂಬೆಗಳನ್ನು, ಹೊಸದಾಗಿ ಗೊಂಬೆ ಕೂರಿಸಲು ಆರಂಭಿಸುತ್ತಿರುವ ನೆಂಟರಿಗೋ ನೆರೆಯವರಿಗೋ ಸಂತೋಷವಾಗಿ ಕೊಡಿ. ತೀರ ಪುಡಿಯಾದವನ್ನು ಕೆರೆಗೆ ಬಿಡಬೇಡಿ. ಪ್ಲಾಸ್ಟರ್ ಕರಗುವುದಿಲ್ಲ, ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆಯಿದೆ. ಅದೇ ಕಾರಣಕ್ಕೆ ಪುಟ್ಟ ಮಕ್ಕಳು ಹಳೆಯ ಗೊಂಬೆಗಳನ್ನು ಬಾಯಿಗೆ ಹಾಕದಂತೆಯೂ ನೋಡಿಕೊಳ್ಳಿ.

ಫ್ಲ್ಯಾಟಿನಲ್ಲಿ ಒಂಬತ್ತು ಮೆಟ್ಟಿಲು ಕಟ್ಟಬೇಕಿಲ್ಲ. ಬೆಸಸಂಖ್ಯೆಯಲ್ಲಿರಲಿ ಎಂಬುದು ರೂಢಿ, ಮೂರು ಮೆಟ್ಟಿಲು ಕಟ್ಟಿದರೂ ರೂಢಿ ತಪ್ಪುವುದಿಲ್ಲ. ಪ್ರತಿ ವರ್ಷ ನಲವತ್ತು ಗೊಂಬೆಗಳನ್ನು ಸರದಿಯ ಮೇಲೆ ಕೂರಿಸಿ, ಉಳಿದವಕ್ಕೆ ವಿಶ್ರಾಂತಿ ಕೊಡಿ. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಿಸುವ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದಿರಬೇಕು. ಅದನ್ನು ಮಕ್ಕಳೇ ಆರಿಸಲಿ, ಅದೇ ನೋಟ್‌ಬುಕ್ಕಿನಲ್ಲಿ ಮುಂದಿನ ಸಂಖ್ಯೆಯ ಎದುರು ಅದನ್ನು ಯಾಕೆ ಆರಿಸಿದರೆಂದು ಅವರ ಕೈಯಿಂದಲೇ ಬರೆಸಿ. ಗೊಂಬೆ ಬಾಗಿನಕ್ಕೆ ಬರುವ ಮಕ್ಕಳಿಗೂ ಒಂದೊಂದು ಗೊಂಬೆಯ ಸಂಗತಿಯನ್ನು ನಿಮ್ಮ ಮಕ್ಕಳು ಹೇಳಲಿ.

ಕೊನೆಯದಾಗಿ ಪಟ್ಟದ ಗೊಂಬೆ. ರಾಜ ರಾಣಿಯರ ಈ ಜೋಡಿಯನ್ನು ರೂಢಿಯಂತೆ ರಕ್ತಚಂದನದ ಮರದಲ್ಲಿ ಕೆತ್ತಿಸಿ, ಮದುವೆಯಲ್ಲಿ ಮಗಳಿಗೆ ತವರಿನಿಂದ ಕೊಡುತ್ತಿದ್ದರು. ಆದ್ದರಿಂದ ನಿಮ್ಮ ತಾಯಿಯ ಸಂಗ್ರಹ ಆರಂಭವಾದದ್ದು ಬಹುತೇಕ ಆ ಜೋಡಿಯಿಂದಲೇ. ತಂಗಿಯವರ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಎರಡನ್ನು ಅಗಲಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಎಷ್ಟು ಗೊಂಬೆ ಹೋದರೂ ಈ ಜೋಡಿ ಒಟ್ಟಿಗಿರಬೇಕು, ಅಕ್ಕನ ಮನೆಯಲ್ಲಾಗಲಿ ತಂಗಿಯ ಮನೆಯಲ್ಲಾಗಲಿ. ಜೊತೆಗೆ ಕಾನೂನಿನ ತೊಡಕೂ ಇದೆ. ರಕ್ತಚಂದನ ಆಂಧ್ರದ ಕಡಪ, ಚಿತ್ತೂರು ಸೀಮೆಯ ಬೆಟ್ಟಗಳಲ್ಲಿ ಸಹಜವಾಗಿ ಬೆಳೆಯುವ, ಅಳಿವಿನ ಭಯವಿರುವ ಮರ. ಅದನ್ನು ದೇಶದ ಹೊರಗೆ ಕೊಂಡೊಯ್ಯುವುದಕ್ಕೆ ಬಿಗಿಯಾದ ನಿರ್ಬಂಧಗಳಿವೆ. ಮನೆಯ ಹಳೆಯ ಗೊಂಬೆಯೇ ಆದರೂ ಸುಂಕದ ಅಧಿಕಾರಿಗಳನ್ನು ಲಿಖಿತವಾಗಿ ಕೇಳದೆ ಸೂಟ್‌ಕೇಸಿನಲ್ಲಿ ಹಾಕಿಕೊಟ್ಟರೆ ವಿಮಾನ ನಿಲ್ದಾಣದಲ್ಲಿ ಅದನ್ನು ಕಳೆದುಕೊಳ್ಳುವ ಅಪಾಯವಿದೆ. ತಂಗಿಗೆ ಅಮ್ಮನ ಮಣಿ ಹಂಸವನ್ನೂ, ಚಿಕ್ಕಮ್ಮನ ಧ್ವನಿಮುದ್ರಣದ ಒಂದು ಪ್ರತಿಯನ್ನೂ ಕಳುಹಿಸಿ. ಪಟ್ಟದ ಗೊಂಬೆಗಳನ್ನು ನೋಡಲು ಒಂದು ನವರಾತ್ರಿಗೆ ಅವರೇ ಬರಲಿ.

ಆ ಜೋಡಿಗೆ ಉಡಿಸಿರುವ ಬಟ್ಟೆಯನ್ನು ಅವಸರದಲ್ಲಿ ಬದಲಿಸಬೇಡಿ. ಎಷ್ಟೋ ಮನೆಗಳಲ್ಲಿ ಹಳೆಯ ಉಡುಗೆಯನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಉಡಿಸಿರುತ್ತಾರೆ. ಮೇಲಿನ ನೈಲಾನ್ ಜರಿಯ ಕೆಳಗೆ ರೇಷ್ಮೆಯ ತುಂಡು, ಅದರ ಕೆಳಗೆ ಮದುವೆಯ ಸೀರೆಯ ಸೆರಗಿನಿಂದ ಕತ್ತರಿಸಿದ ಅಂಚು ಇರುವುದನ್ನು ನಾನು ಕಂಡಿದ್ದೇನೆ. ಚಿಕ್ಕಮ್ಮನವರು ಎದುರಿಗಿರುವಾಗ, ಹಗಲಿನ ಬೆಳಕಿನಲ್ಲಿ, ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆಯನ್ನು ಬಿಡಿಸಿ, ಪ್ರತಿ ಪದರವನ್ನೂ ಅವರ ಮಡಿಲಲ್ಲಿ ಹರಡಿ, ಇದು ಯಾವ ಸೀರೆ ಎಂದು ಕೇಳಿ.